ಅಷ್ಟು ದೊಡ್ಡ ಪ್ರಯೋಗಗಾರ ಮನೇಲಿ ಕೂತು ಸಣ್ಣ ಹಾಡು ಯಾಕೆ ಮಾಡಿದ?

ಆರ್ಥರ್ ರಸೆಲ್ ಹಾಡು ಯಾರಿಗೆ ಕೇಳಿಸಿದರೂ ನನಗೆ ಈ ಪ್ರಶ್ನೆ ಬರುತ್ತದೆ. ನ್ಯೂಯಾರ್ಕಿನ ಪ್ರಯೋಗಶೀಲ ಸಂಗೀತಗಾರರ ಜೊತೆ ಚೆಲ್ಲೊ (ಪಿಟೀಲಿನ ಜಾತಿಯ ದೊಡ್ಡ ತಂತಿವಾದ್ಯ) ನುಡಿಸುತ್ತಿದ್ದವನು, ಗಿಟಾರ್ ಹಿಡಿದು ಮೂರು ನಿಮಿಷದ ಪ್ರೇಮಗೀತೆಗೆ ಯಾಕೆ ಇಳಿದ? ಸೋತನಾ? ದುಡ್ಡಿಗಾಗಿಯಾ?

ದುಡ್ಡಿನ ಮಾತು ಮೊದಲು ಮುಗಿಸಿಬಿಡೋಣ. ಆ ಹಾಡುಗಳಲ್ಲಿ ಹೆಚ್ಚಿನವು ಅವನು ಬದುಕಿದ್ದಾಗ ಹೊರಗೇ ಬರಲಿಲ್ಲ.

ಇನ್ನು 'ಇಳಿದ' ಅನ್ನುವುದು. ರಸೆಲ್ ಹುಟ್ಟಿದ್ದು 1951ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಆಸ್ಕಲೂಸಾದಲ್ಲಿ. ಸುತ್ತ ಜೋಳದ ಹೊಲಗಳ ಸೀಮೆ. ಹದಿಹರೆಯದಲ್ಲೇ ಮನೆ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೊ ಸೇರಿ ಬೌದ್ಧರ ಒಂದು ಗುಂಪಿನಲ್ಲಿದ್ದ. ಉಸ್ತಾದ್ ಅಲಿ ಅಕ್ಬರ್ ಖಾನ್ ಅವರ ಕಾಲೇಜಿನಲ್ಲಿ ಹಿಂದುಸ್ತಾನಿ ಸಂಗೀತ ಕಲಿತ. (ನಮ್ಮ ರಾಜೀವ ತಾರಾನಾಥರ ಗುರುಗಳೂ ಅವರೇ. ಇದು ಗೊತ್ತಾದ ದಿನ ನನಗೆ ಸುಮ್ನೆ ಖುಷಿಯಾಗಿತ್ತು.) 1973ರಲ್ಲಿ ನ್ಯೂಯಾರ್ಕಿಗೆ ಬಂದ. ಮರುವರ್ಷವೇ 'ದಿ ಕಿಚನ್' ಎಂಬ ಪ್ರಯೋಗ ಕಲಾಕೇಂದ್ರದಲ್ಲಿ ಸಂಗೀತ ನಿರ್ದೇಶಕನಾದ. ಅಲ್ಲಿಗೆ ಅವನು ಕರೆಸಿದವರಲ್ಲಿ ಮಾಡರ್ನ್ ಲವರ್ಸ್ ಎಂಬ ರಾಕ್ ತಂಡವೂ ಇತ್ತು. ಗಿಟಾರಿನ ಎರಡು-ಮೂರು ಸ್ವರಗುಚ್ಛಗಳಲ್ಲೇ (ಕಾರ್ಡ್) ಹಾಡು ಮುಗಿಸುವ ತಂಡ ಅದು!

ಆ ವರ್ಷಗಳಲ್ಲೇ ಅವನು ಸರಳ ಹಾಡುಗಳನ್ನೂ ಬರೆಯುತ್ತಿದ್ದ. ಆಮೇಲೆ ಡಿಸ್ಕೊ ಮಾಡಿದ, 1983ರಲ್ಲಿ ವಾದ್ಯವೃಂದದ ಒಂದು ರೆಕಾರ್ಡ್ ತಂದ, 1986ರಲ್ಲಿ ಬರೀ ಚೆಲ್ಲೊ, ದನಿ, ಪ್ರತಿಧ್ವನಿ ಇಟ್ಟುಕೊಂಡು 'ವರ್ಲ್ಡ್ ಆಫ್ ಎಕೊ' ಮಾಡಿದ. ಹಾಡು ಬರೆಯುವುದು ಮಾತ್ರ ನಿಲ್ಲಲಿಲ್ಲ. 1992ರಲ್ಲಿ ಏಡ್ಸ್‌ನಿಂದ ತೀರಿಕೊಂಡಾಗ ಅವನಿಗೆ 40 ವರ್ಷ. ಈ ಹಾಡುಗಳ ಸಂಕಲನ 'ಲವ್ ಈಸ್ ಓವರ್‌ಟೇಕಿಂಗ್ ಮಿ' ಬಂದದ್ದು 2008ರಲ್ಲಿ. ಪ್ರಯೋಗದ ರೆಕಾರ್ಡ್ ಮೊದಲು ಕೇಳಿ, ಹಾಡು ಆಮೇಲೆ ಕೇಳಿದ ನಮಗೆ ಅವನು ದಾರಿ ಬದಲಿಸಿದ ಹಾಗೆ ಕಾಣುತ್ತದೆ, ಅಷ್ಟೇ.

ನಮ್ಮ ಕಛೇರಿಗಳಲ್ಲಿ ವಿದ್ವಾಂಸರು ಒಂದು ಗಂಟೆ ರಾಗ-ತಾನ-ಪಲ್ಲವಿ ಹಾಡಿ, ಕೊನೆಗೆ ಒಂದು ದೇವರನಾಮ ಹಾಡುತ್ತಾರೆ. ಇವರಿಗೇನಾಯ್ತು ಅಂತ ಯಾರೂ ಕೇಳುವುದಿಲ್ಲ, ಅಲ್ವಾ? ರಸೆಲ್‌ನನ್ನು ಮಾತ್ರ ಯಾಕೆ ಕೇಳಬೇಕು?

ಆದರೆ ಪ್ರಶ್ನೆಯಲ್ಲಿರುವ 'ಮನೇಲಿ ಕೂತು' ಅನ್ನುವ ಮಾತು ನನಗೆ ಮುಖ್ಯ ಅನ್ನಿಸುತ್ತದೆ. ಸ್ಟುಡಿಯೊದಲ್ಲಿ ಗಂಟೆಗೆ ಇಷ್ಟು ಅಂತ ಬಾಡಿಗೆ ಓಡುತ್ತಿರುತ್ತದೆ. ಹಾಡು ಎಲ್ಲೋ ಒಂದು ಕಡೆ ಮುಗಿಯಲೇಬೇಕು. ನ್ಯೂಯಾರ್ಕಿನ ಈಸ್ಟ್ ವಿಲೇಜ್ ಬಡಾವಣೆಯ ಅವನ ಮನೆಯಲ್ಲಿ ಆ ಒತ್ತಡ ಇರಲಿಲ್ಲ. ತಡರಾತ್ರಿ ಚೆಲ್ಲೊ ಮೀಟಿ, ಮೈಕಿನ ಹತ್ತಿರ ಬಾಯಿಟ್ಟು ಪಿಸುಗುಟ್ಟುವ ಹಾಗೆ ಹಾಡಬಹುದಿತ್ತು. ಜನಕ್ಕೆ ಕೇಳಿಸಬೇಕು ಅಂತ ದನಿ ಎತ್ತುವ ಗರಜೇ ಇಲ್ಲ. ಆ ದನಿಯ ಸಲುಗೆ ಹುಟ್ಟಿದ್ದು ಹಾಗೆ ಅಂತ ನನ್ನ ನಂಬಿಕೆ.

ಅದೇ ಸೌಕರ್ಯ ಅವನನ್ನು ಕೆಡಿಸಿತು ಕೂಡ. ಹಾಡಿನ ದನಿ, ವಾದ್ಯಗಳನ್ನು ಹದವಾಗಿ ಬೆರೆಸಿ (ಮಿಕ್ಸ್ ಮಾಡಿ), ವಾಕ್‌ಮನ್‌ಗೆ ಹಾಕಿಕೊಂಡು ಬೀದಿ ಸುತ್ತುತ್ತಿದ್ದ, ಸ್ಟೇಟನ್ ಐಲೆಂಡ್ ದೋಣಿ ಹತ್ತುತ್ತಿದ್ದ. ವಾಪಸ್ ಬಂದು ಮತ್ತೆ ಬದಲಿಸುತ್ತಿದ್ದ. ಬಿಟ್ಟುಹೋದ ಟೇಪುಗಳೇ ಸಾವಿರಕ್ಕಿಂತ ಜಾಸ್ತಿ. ಅವುಗಳಲ್ಲಿ ಒಂದೇ ಹಾಡಿನ ಬೇರೆ ಬೇರೆ ರೂಪಗಳು ರಾಶಿ ರಾಶಿ. ಯಾರಾದರೂ ಬಂದು ಟೇಪು ಕಿತ್ತುಕೊಂಡಿದ್ದರೆ ಇನ್ನೂ ನಾಲ್ಕು ಆಲ್ಬಂ ಅವನ ಕಾಲದಲ್ಲೇ ಬರುತ್ತಿದ್ದವು ಅಂತ ನನಗೆ ಸಿಟ್ಟೂ ಬರುತ್ತದೆ.

ಹೊಸದಾಗಿ ಕೇಳುವವರು 2008ರ ಸಂಕಲನದಿಂದಲೇ ಶುರುಮಾಡಿ. 'ವರ್ಲ್ಡ್ ಆಫ್ ಎಕೊ' ಆಮೇಲೆ, ಹೆಡ್‌ಫೋನ್ ಹಾಕಿಕೊಂಡು. ಈ ಕ್ರಮದಲ್ಲಿ ಕೇಳಿದವರು ನನ್ನನ್ನು ಬೇರೆಯದೇ ಪ್ರಶ್ನೆ ಕೇಳುತ್ತಾರೆ: ಇಷ್ಟು ಚೆನ್ನಾಗಿ ಹಾಡು ಬರೆಯುತ್ತಿದ್ದವನು ಈ ಪ್ರಯೋಗಕ್ಕೆ ಯಾಕೆ ಹೋದ?