ತಾಯಿ ಕಾರ್ಡಿನಲ್ಲಿ ‘ಓ’, ಮಗುವಿಗೆ ‘ಬಿ’

ಬ್ಲಡ್ ಬ್ಯಾಂಕಿನ ಕೌಂಟರಿಗೆ ಬರುವ ಪ್ರಶ್ನೆಗಳಲ್ಲಿ ಅರ್ಧದಷ್ಟು ರಕ್ತದ್ದಲ್ಲ, ಸಂಸಾರದ್ದು. ಗಂಡ ಹೆಂಡತಿಗೆ ಒಂದೇ ಗ್ರೂಪ್ ಇದ್ದರೆ ಮಕ್ಕಳಿಗೆ ತೊಂದರೆಯಂತೆ, ಹೌದಾ? (ಇಲ್ಲ. ಈ ಮಾತು ಎಲ್ಲಿಂದ ಹುಟ್ಟಿತೋ, ಇದರಿಂದ ಮುರಿದ ಸಂಬಂಧಗಳನ್ನೂ ಕೇಳಿದ್ದೇನೆ.) ಅಪ್ಪ ಅಮ್ಮ ಇಬ್ಬರೂ ಪಾಸಿಟಿವ್, ಮಗಳೊಬ್ಬಳೇ ನೆಗೆಟಿವ್ ಹೇಗೆ? ಅಪ್ಪ ಎ, ಅಮ್ಮ ಬಿ, ಮಗ ಓ, ಸ್ಯಾಂಪಲ್ ಅದಲುಬದಲಾಗಿದೆಯಾ? ಹೆಂಗಸರು ಇದನ್ನೆಲ್ಲ ಎಲ್ಲರೆದುರೇ ಕೇಳುತ್ತಾರೆ. ಗಂಡಸು ಒಬ್ಬನೇ ಬಂದು, ಮಡಿಸಿದ ರಿಪೋರ್ಟ್ ಹಿಡಿದು ಮೆಲುದನಿಯಲ್ಲಿ ಕೇಳಿದರೆ, ಆ ಪ್ರಶ್ನೆ ಯಾವ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ ಎನ್ನುವುದು ನಮಗೆ ಆಗಲೇ ತಿಳಿದುಬಿಡುತ್ತದೆ.

ಹಿಂದೆ ನಮ್ಮಲ್ಲಿ ಗೋಡೆಯ ಮೇಲೊಂದು ಚಾರ್ಟ್ ಇತ್ತು. ತಂದೆಯ ಗ್ರೂಪ್ ಅಡ್ಡಕ್ಕೆ, ತಾಯಿಯದು ಉದ್ದಕ್ಕೆ, ನಡುವಿನ ಮನೆಗಳಲ್ಲಿ ‘ಸಾಧ್ಯ’, ‘ಅಸಾಧ್ಯ’. ಅದನ್ನು ತೆಗೆಸಿದ್ದು ನಾನು. ಚಾರ್ಟ್ ತಪ್ಪು ಅಂತಲ್ಲ, ನೂರಕ್ಕೆ ತೊಂಬತ್ತೊಂಬತ್ತಕ್ಕೂ ಮೇಲೆ ಸರಿಯೇ. ಉಳಿದ ಚೂರೇಚೂರು ನಮ್ಮ ಜಿಲ್ಲೆಯಲ್ಲೇ ಸಿಗುವಂಥದ್ದು ಎನ್ನುವುದು ಮಾತ್ರ ಅದರಲ್ಲಿ ಬರೆದಿರಲಿಲ್ಲ.

ಶಾಲೆಯಲ್ಲಿ ಕಲಿತ ಭಾಗ ಸುಲಭ. 9ನೇ ಕ್ರೋಮೋಸೋಮಿನಲ್ಲಿ ಒಂದು ಜೀನ್, ಅದಕ್ಕೆ ಮುಖ್ಯವಾಗಿ ಮೂರು ರೂಪ: ಎ, ಬಿ, ಓ. ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಎ ಮತ್ತು ಬಿ ಎರಡೂ ಬಂದರೆ ಎರಡೂ ಕಾಣುತ್ತವೆ. ಓ ಜೊತೆಗೆ ಯಾವುದು ಬಂದರೂ ಓ ಮರೆಯಾಗುತ್ತದೆ. ಹಾಗಾಗಿ ಎ ಅಪ್ಪ, ಬಿ ಅಮ್ಮನಿಗೆ ಓ ಮಗು ಹುಟ್ಟುವುದರಲ್ಲಿ ಸೋಜಿಗವೇನೂ ಇಲ್ಲ. ಇಬ್ಬರಲ್ಲೂ ಒಂದೊಂದು ಓ ಅಡಗಿ ಕೂತಿತ್ತು, ಅಷ್ಟೇ.

ಆದರೆ ಇದನ್ನು ಕಂಡುಹಿಡಿದ ರೀತಿ ನನಗೆ ಬಹಳ ಇಷ್ಟ. ಆಸ್ಟ್ರಿಯಾದ ವೈದ್ಯ ಲ್ಯಾಂಡ್‌ಸ್ಟೈನರ್ ಗ್ರೂಪುಗಳನ್ನು ಗುರುತಿಸಿದ್ದು 1900ರ ಸುಮಾರಿಗೆ. ಅವು ವಂಶಪಾರಂಪರ್ಯವಾಗಿ ಬರುತ್ತವೆ ಎಂದು 1910ರಲ್ಲಿ ಫೊನ್ ಡುಂಗರ್ನ್ ಮತ್ತು ಹಿರ್ಷ್‌ಫೆಲ್ಡ್ ತೋರಿಸಿದರು. ಆದರೆ ಎ ಒಂದು ಜೀನ್, ಬಿ ಇನ್ನೊಂದು ಜೀನ್, ಒಂದಕ್ಕೊಂದು ಸಂಬಂಧವಿಲ್ಲ ಎಂದುಕೊಂಡಿದ್ದರು. ಅದನ್ನು 1924ರಲ್ಲಿ ತಿದ್ದಿದ್ದು ಲ್ಯಾಬಿನವರಲ್ಲ, ಗೊಟಿಂಗೆನ್‌ನ ಗಣಿತಜ್ಞ ಫೆಲಿಕ್ಸ್ ಬರ್ನ್‌ಸ್ಟೈನ್. ಟ್ಯೂಬ್ ಮುಟ್ಟದೆ, ಬೇರೆ ಬೇರೆ ದೇಶದವರ ಗ್ರೂಪುಗಳ ಲೆಕ್ಕ ಇಟ್ಟುಕೊಂಡೇ ಸಾಧಿಸಿಬಿಟ್ಟ.

ನಮ್ಮ ದೇಶದ ಅಂದಾಜಿನ ಅಂಕಿಗಳಲ್ಲೇ ಅದನ್ನು ಮಾಡಿ ನೋಡಬಹುದು. ನೂರು ಜನರಲ್ಲಿ ಓ 38, ಬಿ 32, ಎ 22, ಎಬಿ 8 ಎಂದಿಟ್ಟುಕೊಳ್ಳಿ. ಎ ಗುಣ ಇರುವವರು ಒಟ್ಟು 30, ಬಿ ಗುಣ ಇರುವವರು 40. ಎರಡು ಗುಣಗಳೂ ಬೇರೆ ಬೇರೆ ದಾರಿಯಲ್ಲಿ ಬರುವುದಾಗಿದ್ದರೆ ಎರಡೂ ಕೂಡಿದವರು 30 ಗುಣಿಸು 40, ಭಾಗಿಸು 100. ಅಂದರೆ 12 ಇರಬೇಕಿತ್ತು. ಇರುವುದು 8. ಒಂದೇ ಜಾಗಕ್ಕೆ ಮೂರು ರೂಪಗಳು ಪೈಪೋಟಿ ನಡೆಸುತ್ತವೆ ಎಂದು ಲೆಕ್ಕ ಹಾಕಿದರೆ 7 ಚಿಲ್ಲರೆ ಬರುತ್ತದೆ, ಹೆಚ್ಚು ಕಡಿಮೆ ಸರಿಹೊಂದುತ್ತದೆ. ಒಂದು ಮನೆಯೊಳಗೆ ನಡೆಯುವ ವಿಷಯವನ್ನು ಇಡೀ ಊರಿನ ಎಣಿಕೆ ಹೇಳಿಬಿಟ್ಟಿತು.

ಟ್ರೈನಿಂಗಿಗೆ ಬರುವ ಹುಡುಗರು ಪ್ರತಿ ಸಲ ಕೇಳುವುದೊಂದಿದೆ: ಓ ಮರೆಯಾಗುವ ಗುಣ ಎನ್ನುತ್ತೀರಿ, ಹಾಗಾದರೆ ಫ್ರಿಜ್ ತುಂಬ ಓ ಯಾಕೆ? ಕಾಲಕ್ರಮದಲ್ಲಿ ಅಳಿದು ಹೋಗಬೇಕಿತ್ತಲ್ಲ? ಇದೇ ಅನುಮಾನ ನೂರು ವರ್ಷದ ಹಿಂದೆ ಇಂಗ್ಲೆಂಡಿನ ವಿದ್ವಾಂಸರಿಗೂ ಬಂದಿತ್ತು. ಗಿಡ್ಡ ಬೆರಳಿನ ಗುಣ ಪ್ರಬಲವಾದರೆ ಅದೇಕೆ ಎಲ್ಲೆಡೆ ಹರಡಿಲ್ಲ ಎಂಬ ಪ್ರಶ್ನೆಯನ್ನು ತಳಿವಿಜ್ಞಾನಿ ಪನೆಟ್ ತನ್ನ ಕ್ರಿಕೆಟ್ ಗೆಳೆಯ, ಗಣಿತಜ್ಞ ಹಾರ್ಡಿಯ ಮುಂದಿಟ್ಟ. ಹಾರ್ಡಿ 1908ರಲ್ಲಿ ಒಂದು ಪುಟ್ಟ ಪತ್ರದಲ್ಲಿ ಉತ್ತರ ಕೊಟ್ಟ. ಅದೇ ವರ್ಷ ಸ್ಟುಟ್‌ಗಾರ್ಟ್‌ನ ವೈದ್ಯ ವೈನ್‌ಬರ್ಗ್ ಕೂಡ ಸ್ವತಂತ್ರವಾಗಿ ಅದನ್ನೇ ಹೇಳಿದ್ದ. ಒಂದು ಗುಣ ಪ್ರಬಲವೋ ದುರ್ಬಲವೋ ಎನ್ನುವುದಕ್ಕೂ ಅದು ಜನರಲ್ಲಿ ಎಷ್ಟಿದೆ ಎನ್ನುವುದಕ್ಕೂ ಸಂಬಂಧವೇ ಇಲ್ಲ. ಬೇರೆ ಒತ್ತಡ ಬೀಳದಿದ್ದರೆ ಪ್ರಮಾಣ ತಲೆಮಾರಿನಿಂದ ತಲೆಮಾರಿಗೆ ಇದ್ದಂತೆಯೇ ಇರುತ್ತದೆ. ನಮ್ಮಲ್ಲಿ ಓ ಜೀನಿನ ಪಾಲು 100ಕ್ಕೆ 60ರ ಆಸುಪಾಸು. ಹಾಗಾಗಿ ಓ ಗ್ರೂಪಿನವರೇ ಹೆಚ್ಚು.

ಪಾಸಿಟಿವ್, ನೆಗೆಟಿವ್ ಎಂದು ಹೇಳುವ ಆರ್‌ಎಚ್ ಕೂಡ ಹೀಗೇ. ನಮ್ಮಲ್ಲಿ ನೆಗೆಟಿವ್ ನೂರಕ್ಕೆ ಸುಮಾರು 5, ಪಶ್ಚಿಮ ಯುರೋಪಿನವರಲ್ಲಿ ಸುಮಾರು 15. ನಮ್ಮ ಐದರ ಲೆಕ್ಕ ಹಿಡಿದರೆ, ಸರಿಸುಮಾರು ಮೂವರಲ್ಲಿ ಒಬ್ಬರು ಪಾಸಿಟಿವ್ ಎಂದು ಬರೆಸಿಕೊಂಡೇ ಒಳಗೊಂದು ನೆಗೆಟಿವ್ ಜೀನ್ ಹೊತ್ತು ತಿರುಗುತ್ತಿದ್ದಾರೆ. ಪಾಸಿಟಿವ್ ಅಪ್ಪ ಅಮ್ಮನಿಗೆ ನೆಗೆಟಿವ್ ಮಗಳು ಎಂದು ಗಾಬರಿಯಾದವರಿಗೆ ನಾನು ಹೇಳುವುದು ಇಷ್ಟನ್ನೇ.

ಈಗ ತಾಯಿ ಕಾರ್ಡಿನ ವಿಷಯ.

ಹೆರಿಗೆಯಾಗಿ ಎರಡನೇ ದಿನ ಮಗುವಿಗೆ ಕಾಮಾಲೆ. ಮಕ್ಕಳ ಡಾಕ್ಟರು ಗ್ರೂಪಿಂಗಿಗೆ ಕಳಿಸಿದರು. ಮಗು ಬಿ ಪಾಸಿಟಿವ್. ತಾಯಿ ಕಾರ್ಡಿನಲ್ಲಿ ಓ ಪಾಸಿಟಿವ್. ತಾಯಿ ಓ, ಮಗು ಬಿ ಆದಾಗ ಕಾಮಾಲೆ ಬರುವುದು ಮಾಮೂಲು, ಯಾರೂ ಹುಬ್ಬೇರಿಸಲಿಲ್ಲ. ಆದರೆ ಅಪ್ಪನ ಜೇಬಿನಲ್ಲಿ ರಕ್ತದಾನದ ಕಾರ್ಡ್ ಇತ್ತು, ಅದರಲ್ಲೂ ಓ. ಅಷ್ಟರೊಳಗೆ ಯಾರೋ ನೆಂಟರ ಹುಡುಗ ಮೊಬೈಲಿನಲ್ಲಿ ಚಾರ್ಟ್ ತೆಗೆದು ತೋರಿಸಿಯಾಗಿತ್ತು. ಓ ಮತ್ತು ಓ ಸೇರಿದರೆ ಓ ಮಾತ್ರ. ವಾರ್ಡಿನ ಹೊರಗೆ ಅತ್ತೆಯ ಮುಖ ಬೇರೆಯಾಗಿತ್ತು.

ಮೂವರ ಸ್ಯಾಂಪಲನ್ನೂ ಹೊಸದಾಗಿ ತೆಗೆಸಿದೆವು. ಮಗು ಬಿ, ಅಪ್ಪ ಓ, ಅದರಲ್ಲೇನೂ ಬದಲಿಲ್ಲ. ಅಮ್ಮನ ಕೆಂಪುಕಣಗಳಿಗೆ ಎ, ಬಿ ಗುಣಗಳನ್ನು ಪತ್ತೆಹಚ್ಚುವ ಆ್ಯಂಟಿ-ಎ, ಆ್ಯಂಟಿ-ಬಿ ದ್ರವ ಹಾಕಿದರೂ ಗಂಟುಗಟ್ಟಲಿಲ್ಲ, ಇಲ್ಲಿವರೆಗೆ ಓ. ಆಮೇಲೆ ರಿವರ್ಸ್: ಅವಳ ರಕ್ತದ ತಿಳಿಭಾಗವಾದ ಸೀರಮ್ಮನ್ನು ಗೊತ್ತಿರುವ ಕಣಗಳ ಜೊತೆ ಬೆರೆಸಿ ನೋಡುವುದು. ಎ ಕಣ ಗಂಟುಗಟ್ಟಿತು, ಬಿ ಕಣವೂ ಗಂಟುಗಟ್ಟಿತು, ಓ ಗ್ರೂಪಿನವರಲ್ಲಿ ಹಾಗಾಗಲೇಬೇಕು. ಮೂರನೇ ಟ್ಯೂಬಿನಲ್ಲಿ ಓ ಕಣ. ಅದು ಗಂಟುಗಟ್ಟಬಾರದು. ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು.

ಓ ಗ್ರೂಪಿನವರ ರಕ್ತ ಓ ಕಣವನ್ನೇ ಒಲ್ಲೆ ಎಂದರೆ ಮನಸ್ಸಿಗೆ ಬರುವುದು ಒಂದೇ ಹೆಸರು. 1952ರಲ್ಲಿ ಮುಂಬೈಯಲ್ಲಿ ಡಾ. ಭೇಂಡೆ ಮತ್ತು ಸಂಗಡಿಗರು ವರದಿ ಮಾಡಿದ ಬಾಂಬೆ ಗ್ರೂಪ್. ಖಚಿತ ಮಾಡಿಕೊಳ್ಳಲು, ಎಚ್ ಎಂಬ ಪದಾರ್ಥವಿರುವ ಕಣಗಳನ್ನು ಗಂಟುಗಟ್ಟಿಸುವ ಆ್ಯಂಟಿ-ಎಚ್ ಲೆಕ್ಟಿನ್ ಹಾಕಿದೆವು. (ಈ ಲೆಕ್ಟಿನ್ ತೆಗೆಯುವುದು ಹಳದಿ ಹೂವಿನ ಒಂದು ಯುರೋಪಿನ ಮುಳ್ಳುಪೊದೆಯ ಬೀಜದಿಂದ. ಬ್ರಿಟಿಷರ ಕಾಲದಲ್ಲಿ ನೀಲಗಿರಿಗೆ ಬಂದು, ಈಗ ಅಲ್ಲಿ ಕಳೆಯಾಗಿ ಹಬ್ಬಿರುವ ಗಿಡವೇ ಅದು.) ಮಾಮೂಲಿ ಓ ಕಣ ಈ ಲೆಕ್ಟಿನ್ನಿಗೆ ಜೋರಾಗಿ ಗಂಟುಗಟ್ಟುತ್ತದೆ. ಅವಳದು ಹಾಲಿನಂತೆ ನುಣ್ಣಗೆ ಉಳಿಯಿತು.

ವಿಷಯ ಇಷ್ಟು. ಎ ಆಗಲಿ ಬಿ ಆಗಲಿ ನೇರವಾಗಿ ಕಣದ ಮೇಲೆ ಹುಟ್ಟುವುದಿಲ್ಲ. ಮೊದಲು ಎಚ್ ಎಂಬ ಪದಾರ್ಥ ತಯಾರಾಗಬೇಕು; ಅದರ ತುದಿಗೆ ಒಂದು ಸಕ್ಕರೆ ಸೇರಿದರೆ ಎ, ಇನ್ನೊಂದು ಸೇರಿದರೆ ಬಿ, ಏನೂ ಸೇರದಿದ್ದರೆ ಓ. ಎಚ್ ತಯಾರಿಸುವ ಜೀನ್ ಇರುವುದು 19ನೇ ಕ್ರೋಮೋಸೋಮಿನಲ್ಲಿ, ಗ್ರೂಪಿನ ಜೀನಿಗೂ ಅದಕ್ಕೂ ನಂಟಿಲ್ಲ. ಎರಡೂ ಕಡೆಯಿಂದ ಕೆಟ್ಟ ಎಚ್ ಜೀನ್ ಬಂದವರಲ್ಲಿ ಬಿ ಜೀನ್ ಇದ್ದರೂ ಅದಕ್ಕೆ ಕೆಲಸವಿಲ್ಲ. ಆ ಮನೆಯವರಿಗೆ ನಾನು ಹೇಳಿದ್ದು ಹೀಗೆ: ಫೋಟೊ ಮನೆಯಲ್ಲೇ ಇದೆ, ಗೋಡೆಗೆ ಮೊಳೆ ಇಲ್ಲ. ಅಮ್ಮ ಮಗನಿಗೆ ಫೋಟೊ ಕೊಟ್ಟಳು, ಅಪ್ಪ ಮೊಳೆ ಕೊಟ್ಟ, ಮಗನಲ್ಲಿ ಬಿ ಕಾಣಿಸಿತು. ಅತ್ತೆ ಎರಡು ಸಲ ಹೇಳಿಸಿಕೊಂಡು, ಹಾಗಾದರೆ ನನ್ನ ಮಗನಿಂದಲೇ ಕಾಣಿಸಿಕೊಂಡದ್ದು ಅನ್ನಿ ಎಂದರು. ಹೌದು ತಾಯಿ ಎಂದೆ. ವಿಜ್ಞಾನವೂ ಉಳಿಯಿತು, ಅವರ ಮಾನವೂ ಉಳಿಯಿತು.

ಇಲ್ಲಿ ನನಗೆ ಭಯ ಹುಟ್ಟಿಸಿದ್ದು ಮನೆಯ ಜಗಳವಲ್ಲ. ಅವಳ ಕಾರ್ಡಿನ ಗ್ರೂಪನ್ನು ಹೊರಗಿನ ಯಾವುದೋ ಲ್ಯಾಬಿನಲ್ಲಿ ಸ್ಲೈಡ್ ಮೇಲೆ ಎರಡು ಹನಿ ಹಾಕಿ ಬರೆದದ್ದು, ರಿವರ್ಸ್ ಇಲ್ಲ. ಹೆರಿಗೆಯಲ್ಲಿ ರಕ್ತಸ್ರಾವವಾಗಿ, ಕ್ರಾಸ್ ಮ್ಯಾಚ್‌ಗೂ (ಕೊಡುವ ರಕ್ತವನ್ನು ರೋಗಿಯ ಸೀರಮ್ ಜೊತೆ ಬೆರೆಸಿ ನೋಡುವುದು) ಪುರುಸೊತ್ತಿಲ್ಲದೆ ಓ ಯೂನಿಟ್ ಏರಿಸಿದ್ದರೆ? ಬಾಂಬೆ ಗ್ರೂಪಿನವರ ರಕ್ತದಲ್ಲಿರುವ ಆ್ಯಂಟಿ-ಎಚ್ ಪ್ರತಿಕಾಯ ದೇಹದ ಬಿಸಿಯಲ್ಲೇ ಕೆಲಸ ಮಾಡುತ್ತದೆ, ಕೊಟ್ಟ ಕಣಗಳನ್ನು ಒಡೆದು ಹಾಕುತ್ತದೆ. ಅವರಿಗೆ ಹೊಂದುವುದು ಇನ್ನೊಬ್ಬ ಬಾಂಬೆಯವರ ರಕ್ತ ಮಾತ್ರ.

ಯುರೋಪಿನಲ್ಲಿ ಈ ಗ್ರೂಪ್ ಹತ್ತು ಲಕ್ಷಕ್ಕೊಬ್ಬರು. ಅಲ್ಲಿನ ಪಠ್ಯ ಓದಿಕೊಂಡವರಿಗೆ ಇದು ಪರೀಕ್ಷೆಯಲ್ಲಿ ಬರುವ ಎರಡು ಅಂಕದ ಪ್ರಶ್ನೆ. ಭಾರತದಲ್ಲಿ ಸುಮಾರು 10,000ಕ್ಕೊಬ್ಬರು. ಹಾರ್ಡಿಯ ಲೆಕ್ಕದಲ್ಲಿ ಇದನ್ನು ತಿರುಗಿಸಿ ನೋಡಿ: 10,000ಕ್ಕೊಬ್ಬರು ಎಂದರೆ ಆ ಜೀನ್ ನೂರರಲ್ಲಿ ಒಂದು ಪಾಲು, ಅಂದರೆ ಸುಮಾರು 50 ಜನರಲ್ಲಿ ಒಬ್ಬರು ಅದನ್ನು ಒಂದೆಳೆಯಾಗಿ ಹೊತ್ತಿದ್ದಾರೆ. ಒಂದು ಬಸ್ಸಿನ ತುಂಬ ಜನ ಕೂತರೆ ಅದರಲ್ಲೊಬ್ಬರು. ಅವರಿಗೆ ಏನೂ ಆಗುವುದಿಲ್ಲ, ಯಾವ ಮಾಮೂಲಿ ಪರೀಕ್ಷೆಯಲ್ಲೂ ಗೊತ್ತಾಗುವುದಿಲ್ಲ.

ಇದರ ಮೇಲೆ ನಮ್ಮ ಮದುವೆಗಳ ಲೆಕ್ಕ. ಆ ಬಾಣಂತಿಯ ತಂದೆ ಸ್ವಂತ ಅಕ್ಕನ ಮಗಳನ್ನೇ ಮದುವೆಯಾದವರು. ನಮ್ಮ ಕಡೆ ಅದೇನು ವಿಶೇಷವಲ್ಲ. ಮೇಲಿನ ಪ್ರಮಾಣವನ್ನೇ ಇಟ್ಟುಕೊಂಡರೆ, ಸೋದರತ್ತೆ ಅಥವಾ ಸೋದರಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಬಾಂಬೆ ಮಗು ಹುಟ್ಟುವ ಸಂಭವ 10,000ಕ್ಕೆ 1ರಿಂದ 7ಕ್ಕೆ ಏರುತ್ತದೆ. ಅಕ್ಕನ ಮಗಳ ಜೊತೆಗಿನ ಮದುವೆಯಲ್ಲಿ 13ಕ್ಕೆ. ಜೀನ್ ಹೆಚ್ಚಾಯಿತು ಎಂದಲ್ಲ. ಒಂದೇ ಅಜ್ಜಿಯ ಜೀನು ಎರಡು ದಾರಿಯಿಂದ ಬಂದು ಒಂದೇ ಮಗುವಿನಲ್ಲಿ ಕೂಡುವ ಅವಕಾಶ ಹೆಚ್ಚಾಯಿತು. ಒಡಿಶಾದ ಕುಟಿಯಾ ಕೊಂಧ್, ಭೂಯಾನ್ ಸಮುದಾಯಗಳಲ್ಲಿ ಕೆಲವೇ ನೂರು ಜನರಿಗೊಬ್ಬರು ಬಾಂಬೆ ಸಿಕ್ಕಿರುವ ವರದಿಗಳಿವೆ. ಚಿಕ್ಕ ಗುಂಪು, ಒಳಗೊಳಗೇ ಮದುವೆ. ಅಪರೂಪದ್ದು ಅಲ್ಲಿ ಅಪರೂಪವಾಗಿ ಉಳಿಯುವುದಿಲ್ಲ. ಅರಿವಳಿಕೆ ಡಾಕ್ಟರುಗಳಿಗೂ ಇಂಥದ್ದೇ ಒಂದು ಪಾಠ ಗೊತ್ತು: ಆರ್ಯ ವೈಶ್ಯ ಸಮುದಾಯದ ಕೆಲವರಲ್ಲಿ ಒಂದು ಕಿಣ್ವದ ಕೊರತೆ ಇರುವುದರಿಂದ, ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಔಷಧದ ಪರಿಣಾಮ ನಿಮಿಷಗಳ ಬದಲು ಗಂಟೆಗಟ್ಟಲೆ ಉಳಿಯಬಹುದು. ಅಲ್ಲಿ ಆಪರೇಷನ್ನಿಗೆ ಮುಂಚೆ ಮನೆತನ ಕೇಳುವುದು ಜಾತಿ ವಿಚಾರಣೆಯಲ್ಲ, ಎಚ್ಚರಿಕೆ. ಎಲ್ಲ ಡಾಕ್ಟರೂ ಅದನ್ನು ನಾಜೂಕಾಗಿ ಕೇಳುತ್ತಾರೆ ಎಂದೇನೂ ಹೇಳಲಾರೆ.

ನಮ್ಮ ಲ್ಯಾಬಿನಲ್ಲಿ ಓ ಕಣದ ಟ್ಯೂಬನ್ನು ‘ಕೆಲಸ ಹೆಚ್ಚು’ ಎಂದು ಬಿಡುವ ಮಾತು ಆಗಾಗ ಬರುತ್ತಿತ್ತು. ಆ ಹೆರಿಗೆಯ ನಂತರ ಬಂದಿಲ್ಲ. ಹೊಸಬರಿಗೆ ಈಗ ಮೊದಲ ದಿನವೇ ಹೇಳುತ್ತೇನೆ: ನಿಮ್ಮ ಪುಸ್ತಕದ ವಿಧಾನ ಸರಿ, ಆದರೆ ಯಾವುದನ್ನು ಅಪರೂಪ ಎಂದು ಬಿಟ್ಟುಬಿಡಬಹುದು ಎನ್ನುವ ಭಾಗ ಬೇರೆ ದೇಶದವರ ರಕ್ತ ನೋಡಿ ಬರೆದದ್ದು.

ಕೋಲಾರ ಜಿಲ್ಲೆಯ ಮಹಿಳೆಯೊಬ್ಬರ ಸುದ್ದಿ ಓದಿದಾಗ ಇದೇ ನೆನಪಾಯಿತು. ಹೃದಯದ ಆಪರೇಷನ್ನಿಗೆ ಬಂದಿದ್ದ ಅವರದು ಓ ಪಾಸಿಟಿವ್, ಆದರೆ ಯಾವ ಓ ಯೂನಿಟ್ಟೂ ಹೊಂದಲಿಲ್ಲ. ಬೆಂಗಳೂರಿನ ರೋಟರಿ ಟಿಟಿಕೆ ರಕ್ತಕೇಂದ್ರದವರು ಕುಟುಂಬದ 20 ಜನರನ್ನು ಪರೀಕ್ಷಿಸಿದರೂ ಹೊಂದುವವರು ಸಿಗಲಿಲ್ಲ. ಕೊನೆಗೆ ರಕ್ತ ಕೊಡದೆಯೇ ಆಪರೇಷನ್ ಮುಗಿಸಿದರು. ಸ್ಯಾಂಪಲ್ ಬ್ರಿಸ್ಟಲ್‌ಗೆ ಹೋಗಿ, ತಿಂಗಳುಗಟ್ಟಲೆ ಕೆಲಸ ನಡೆದು, 2025ರ ಜೂನ್‌ನಲ್ಲಿ ಮಿಲಾನ್ ಸಮ್ಮೇಳನದಲ್ಲಿ ಹೊಸ ಆ್ಯಂಟಿಜೆನ್ (ಎ, ಬಿಗಳಂತೆ ಕಣದ ಮೇಲಿನ ಗುರುತು) ಎಂದು ಪ್ರಕಟವಾಯಿತು: ಕ್ರಿಬ್, ಅಂದರೆ ಕ್ರೋಮರ್ (ಅದು ಸೇರುವ ರಕ್ತಗುಂಪು ವ್ಯವಸ್ಥೆಯ ಹೆಸರು), ಇಂಡಿಯಾ, ಬೆಂಗಳೂರು. ಜಗತ್ತಿನಲ್ಲಿ ಮೊದಲು ಗುರುತಿಸಿದ್ದು ಅವರಲ್ಲೇ. ಅಲ್ಲೂ ಸುಳಿವು ಕೊಟ್ಟದ್ದು ಕೌಂಟರಿನ ಹಿಂದೆ ಕೂತವರೊಬ್ಬರ ಕ್ರಾಸ್ ಮ್ಯಾಚ್ ಟ್ಯೂಬೇ ಇರಬೇಕು ಎಂದು ನನ್ನ ಊಹೆ.

ನಮ್ಮ ಬಾಣಂತಿಯ ಅಣ್ಣ ತಮ್ಮಂದಿರನ್ನು ಕರೆಸಿದೆವು. ಅಪ್ಪ ಅಮ್ಮ ಇಬ್ಬರೂ ಒಂದೆಳೆ ಹೊತ್ತವರಾದ್ದರಿಂದ ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಸಂಭವ. ಅವಳ ಮಕ್ಕಳಿಗಾದರೆ ಎಲ್ಲರಿಗೂ ಒಂದೆಳೆ ಬಂದೇ ಬರುತ್ತದೆ. ಅದು ಕಾಯಿಲೆಯಲ್ಲ, ಮದುವೆಗೆ ಅಡ್ಡಿಯೂ ಅಲ್ಲ ಎಂದು ಅಜ್ಜಿಗೆ ಬಿಡಿಸಿ ಹೇಳಬೇಕಾಯಿತು. ಒಬ್ಬ ತಮ್ಮ ಬಾಂಬೆ ಎಂದು ಬಂದ. ಅವನ ಡ್ರೈವಿಂಗ್ ಲೈಸೆನ್ಸಿನಲ್ಲೂ ಓ ಪಾಸಿಟಿವ್ ಅಂತಲೇ ಇತ್ತು. ಅಕ್ಕನಿಗೆ ನಾನಿದ್ದೇನಲ್ಲ, ಈಗಲೇ ತೆಗೆದುಕೊಳ್ಳಿ ಎಂದು ತೋಳು ಮಡಚಿ ಕೂತ. ಒಡಹುಟ್ಟಿದವರ ರಕ್ತವೇ ಶ್ರೇಷ್ಠ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಆದರೆ ಹತ್ತಿರದ ಸಂಬಂಧಿಗಳ ಬಿಳಿಕಣಗಳು ರೋಗಿಯ ದೇಹಕ್ಕೆ ತಮ್ಮವೇ ಎನ್ನಿಸುವಷ್ಟು ಹೋಲುವುದರಿಂದ, ಅಲ್ಲೇ ನೆಲೆನಿಂತು ರೋಗಿಯ ಮೇಲೆಯೇ ತಿರುಗಿಬೀಳುವ ಅಪಾಯವಿದೆ. ಅವನ ಹೆಸರನ್ನು ಬಾಂಬೆ ದಾನಿಗಳ ಪಟ್ಟಿಗೆ ಸೇರಿಸಿ, ಅಕ್ಕನಿಗೇ ಕೊಡುವ ಸಂದರ್ಭ ಬಂದರೆ ಯೂನಿಟ್ಟನ್ನು ವಿಕಿರಣಕ್ಕೆ ಒಡ್ಡಿಯೇ ಕೊಡಬೇಕು ಎಂದು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಷರಾ ಬರೆದಿಟ್ಟಿದ್ದೇವೆ.