ಸೂರ್ಯಾಸ್ತ 6:47, ಪಂಕ್ತಿ ಎರಡು: ಕ್ಯಾಂಪಸ್ ಸರ್ವಧರ್ಮ ಊಟದ ಪ್ರಗತಿ ವರದಿ

ಅಂತೂ ಗಂಟು ಬಿಚ್ಚಿತು. ಮಾರ್ಚ್ 12, 2026, ರಂಜಾನಿನ ನಡುವಿನ ಗುರುವಾರ. ಬಾಸ್ಟನ್ ಕ್ಯಾಂಪಸ್ಸಿನ ಒಂದೇ ಹಾಲ್‌ನಲ್ಲಿ ಜೈನ ವಿದ್ಯಾರ್ಥಿಗಳೂ ಉಂಡರು, ರೋಜಾ ಇದ್ದವರೂ ಉಂಡರು. ಯಾರ ನಿಯಮವೂ ಮುರಿಯಲಿಲ್ಲ, ಯಾರ ಅನ್ನವೂ ಆರಲಿಲ್ಲ. ಹಾಲ್ ಬುಕಿಂಗ್, ಪೋಸ್ಟರ್, ವಿದ್ಯಾರ್ಥಿ ಸಂಘದ ಅನುದಾನದ ಅರ್ಜಿ, ಅಲರ್ಜಿ ಫಾರ್ಮು ಇವೆಲ್ಲ ಈ ಕೆಲಸಕ್ಕೆ ಒಮ್ಮೆ ಕೈ ಹಾಕಿದವರಿಗೆ ಬಾಯಿಪಾಠ, ಆದ್ದರಿಂದ ಇಲ್ಲಿ ಬರೆಯುವುದಿಲ್ಲ. ಈ ವರದಿ ಪೂರ್ತಿ ಒಂದೇ ತಲೆನೋವಿನದು: ಸೂರ್ಯಾಸ್ತ.

ರೋಜಾ ಇರುವವರು ಸೂರ್ಯ ಮುಳುಗುವ ತನಕ ಹನಿ ನೀರೂ ಮುಟ್ಟುವುದಿಲ್ಲ. ರಾತ್ರಿಭೋಜನ ತ್ಯಾಗ ಮಾಡಿದ ಜೈನರು ಮುಳುಗಿದ ಮೇಲೆ ತಿನ್ನುವುದಿಲ್ಲ. ಚೌವಿಹಾರದವರಾದರೆ ನೀರೂ ಇಲ್ಲ. ಕಟ್ಟುನಿಟ್ಟಿನವರು ಒಂದು ಮುಹೂರ್ತ, ಅಂದರೆ 48 ನಿಮಿಷ ಮೊದಲೇ ಕೈ ತೊಳೆದುಬಿಡುತ್ತಾರೆ. ಆ ದಿನದ ಸೂರ್ಯಾಸ್ತ ಸುಮಾರು 6:47. ಜೈನರ ಕೊನೆಯ ತುತ್ತು 5:59ಕ್ಕೆ. ಎಲ್ಲ ಕ್ಯಾಂಪಸ್ ಪೋಸ್ಟರ್‌ಗಳಲ್ಲೂ ರೂಢಿಯಾಗಿ ಅಚ್ಚಾಗುವ ‘ಸಂಜೆ 6:30ಕ್ಕೆ ಊಟ’ ಇದೆಯಲ್ಲ, ಇಬ್ಬರೂ ಉಪವಾಸ ಬೀಳಲು ಅದಕ್ಕಿಂತ ಪ್ರಶಸ್ತ ಮುಹೂರ್ತ ಇನ್ನೊಂದಿಲ್ಲ.

ಮೊದಲು ದಿನಾಂಕ ಹುಡುಕುವ ಗೋಳು. 2026ರ ಫೆಬ್ರವರಿ ಎಷ್ಟು ತುಂಬಿತ್ತೆಂದರೆ 15ಕ್ಕೆ ಶಿವರಾತ್ರಿ, 17ಕ್ಕೆ ಚೀನೀಯರ ಹೊಸ ವರ್ಷ, 18ಕ್ಕೆ ಕ್ಯಾಥೊಲಿಕರ ವಿಭೂತಿ ಬುಧವಾರವೂ ಮೊದಲ ರೋಜಾವೂ ಒಟ್ಟಿಗೆ. ಮಾರ್ಚ್‌ಗೆ ಬಂದರೆ ಶುಕ್ರವಾರಗಳು ಸುತರಾಂ ಆಗುವುದಿಲ್ಲ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರ ಕ್ಯಾಥೊಲಿಕರಿಗೆ ಮಾಂಸ ಇಲ್ಲ ಅನ್ನುವುದನ್ನು ಮೆನುವಿನಲ್ಲೇ ಸುಧಾರಿಸಬಹುದು, ಆದರೆ ಯಹೂದಿ ವಿದ್ಯಾರ್ಥಿಗಳು ಸೂರ್ಯಾಸ್ತಕ್ಕೆ 18 ನಿಮಿಷ ಮೊದಲು ಶಬ್ಬತ್ (ವಾರದ ವಿಶ್ರಾಂತಿ ದಿನ) ದೀಪ ಹಚ್ಚಿ ಮನೆ ಸೇರುತ್ತಾರೆ. 14, 15ರ ಆಸುಪಾಸು ಏಕಾದಶಿ, ಕೃಷ್ಣಭಕ್ತರಿಗೆ ಧಾನ್ಯ ಬೇಡ. 19ಕ್ಕೆ ಯುಗಾದಿ. ಅವತ್ತು ಕನ್ನಡ, ತೆಲುಗು ಹುಡುಗರೆಲ್ಲ ಹೋಳಿಗೆ ಇರುವ ಮನೆ ಹುಡುಕಿಕೊಂಡು ಹೋಗಿರುತ್ತಾರೆ. ಹೀಗೆ ಸೋಸಿ ಉಳಿದದ್ದು 12. ತಿಂಗಳ ನಡುವಿನ ದಿನ ಆರಿಸುವುದರಲ್ಲಿ ಇನ್ನೊಂದು ಲಾಭ ಉಂಟು: ಚಂದ್ರದರ್ಶನ ಒಂದು ದಿನ ಆಚೀಚೆ ಆದರೂ ಅದು ರಂಜಾನಿನೊಳಗೇ ಇರುತ್ತದೆ.

ಈಗ ಗಡಿಯಾರ. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಈ ವರ್ಷ ಅದು 8ನೇ ತಾರೀಕು. 7ರಂದು 5:42ರ ಆಸುಪಾಸು ಮುಳುಗಿದ ಸೂರ್ಯ 8ರಂದು 6:43ಕ್ಕೆ ಮುಳುಗಿದ. ಕ್ಯಾಲೆಂಡರ್ ಆಹ್ವಾನವನ್ನು ಜನವರಿಯಲ್ಲೇ −05:00 ಎಂಬ ಸ್ಥಿರ ಅಂತರ ಹಾಕಿ ಕಳಿಸಿದರೆ ಮಾರ್ಚ್ 12ರಂದು ಎಲ್ಲರ ಫೋನ್‌ನಲ್ಲೂ ಅದು ಒಂದು ಗಂಟೆ ಜಾರಿರುತ್ತದೆ. ಸ್ಥಿರ ಅಂತರ ಬಿಟ್ಟು ಸ್ಥಳದ ಹೆಸರಿನ ಟೈಮ್‌ಝೋನ್ (ಅಮೆರಿಕ/ನ್ಯೂಯಾರ್ಕ್) ಹಾಕಿ. ಇನ್ನು ಸೂರ್ಯಾಸ್ತವನ್ನು ಪಕ್ಕದ ಊರಿನದು ಅಂತ ಎರವಲು ತರಬೇಡಿ. ರೇಖಾಂಶ ಒಂದು ಡಿಗ್ರಿ ಪಶ್ಚಿಮಕ್ಕೆ ಸರಿದರೆ ನಾಲ್ಕು ನಿಮಿಷ ತಡ. ಬಾಸ್ಟನ್‌ಗೂ ಆಮ್ಹರ್ಸ್ಟ್‌ಗೂ ಹತ್ತಿರ ಹತ್ತಿರ ಆರು ನಿಮಿಷ ವ್ಯತ್ಯಾಸ, ರೋಜಾ ಬಿಡುವವರಿಗೆ ಆರು ನಿಮಿಷ ಅಂದರೆ ಸಣ್ಣ ಮಾತಲ್ಲ. ಹಾಲ್‌ನ ಅಕ್ಷಾಂಶ ರೇಖಾಂಶವನ್ನೇ ಹಾಕಿ, ಸೂರ್ಯನ ಮೇಲಂಚು ದಿಗಂತಕ್ಕೆ ಇಳಿಯುವ ಹೊತ್ತು ಹಿಡಿಯಿರಿ. ವಾತಾವರಣದ ವಕ್ರೀಭವನ ಸೇರಿ ಸೂರ್ಯಬಿಂಬದ ಮಧ್ಯ ಆಗ ದಿಗಂತಕ್ಕಿಂತ 0.833 ಡಿಗ್ರಿ ಕೆಳಗಿರುತ್ತದೆ. ಸರಿಯಾದ ಆ್ಯಪ್‌ಗಳು ಬಳಸುವುದೂ ಇದನ್ನೇ.

ಅಷ್ಟಕ್ಕೇ ಮುಗಿಯಲಿಲ್ಲ. ಸುನ್ನಿ ವಿದ್ಯಾರ್ಥಿಗಳು 6:47ಕ್ಕೆ ಖರ್ಜೂರ ಕೈಗೆತ್ತಿಕೊಳ್ಳುತ್ತಾರೆ. ಶಿಯಾ ವಿದ್ಯಾರ್ಥಿಗಳು ಪೂರ್ವದ ಕೆಂಪು ಆರುವ ತನಕ ಕಾಯುತ್ತಾರೆ. ಶಿಯಾಗಳ ಜಾಫರಿ ಪದ್ಧತಿಯ ಲೆಕ್ಕದಲ್ಲಿ ಅದು ಸೂರ್ಯ ನಾಲ್ಕು ಡಿಗ್ರಿ ಕೆಳಗಿಳಿದಾಗ. ಬೆಂಗಳೂರಿನಲ್ಲಿ ಇದಕ್ಕೆ ಹದಿಮೂರು ನಿಮಿಷ ಸಾಕು, ಬಾಸ್ಟನ್‌ನಲ್ಲಿ ಸೂರ್ಯ ಹೆಚ್ಚು ಓರೆಯಾಗಿ ಇಳಿಯುವುದರಿಂದ ಹದಿನೇಳು ಬೇಕು. ಅಂದರೆ 7:04. ಒಂದೇ ಸೂರ್ಯನಿಗೆ ಮೂರು ಗಡುವು: 5:59, 6:47, 7:04. ಮಾರ್ಚ್‌ನಲ್ಲೇ ಹತ್ತೊಂಬತ್ತು ದಿನ ಉಪವಾಸ ಮಾಡುವ ಬಹಾಯಿ ಧರ್ಮದವರು ಪುಣ್ಯಕ್ಕೆ 6:47ರ ಗುಂಪಿಗೇ ಸೇರುತ್ತಾರೆ.

ಇದಕ್ಕೆ ಸಾಮಾನ್ಯವಾಗಿ ಹೇಳುವ ಪರಿಹಾರ ಜೈನರಿಗೆ ಡಬ್ಬಿ ಕಟ್ಟಿ ಐದಕ್ಕೇ ಕಳಿಸಿಬಿಡುವುದು. ಅದು ಪರಿಹಾರವಲ್ಲ, ಪಾರ್ಸೆಲ್ ಸೇವೆ. ಜೊತೆಗೆ ಕೂತು ಉಣ್ಣುವುದಕ್ಕೆ ಹೊರಟ ಕಾರ್ಯಕ್ರಮದಲ್ಲಿ ಒಂದು ಗುಂಪನ್ನು ಊಟಕ್ಕೆ ಮೊದಲೇ ಮನೆಗೆ ಅಟ್ಟುವುದಾದರೆ ಬ್ಯಾನರ್ ಬಿಚ್ಚಿಡುವುದೇ ಮೇಲು.

ಗಂಟು ಬಿಚ್ಚಿದ್ದು ಮದುವೆ ಮನೆಯ ಪಂಕ್ತಿಯ ಲೆಕ್ಕದಿಂದ. ಅಲ್ಲಿ ಎಲ್ಲರೂ ಒಟ್ಟಿಗೆ ಉಣ್ಣುವುದಿಲ್ಲ. ಮೊದಲ ಪಂಕ್ತಿ ಉಣ್ಣುವಾಗ ಎರಡನೆಯವರು ಬಡಿಸುತ್ತಾರೆ, ಆಮೇಲೆ ಕೈ ಅದಲುಬದಲು. 5:10ಕ್ಕೆ ಮೊದಲ ಪಂಕ್ತಿ: ಜೈನರು, ಜೊತೆಗೆ ಬೇಗ ಉಣ್ಣಲು ಒಪ್ಪಿದವರು. ಬಡಿಸಿದವರು ರೋಜಾ ಇದ್ದ ಸ್ವಯಂಸೇವಕರು. ಬಡಿಸಲು ಯಾರನ್ನೂ ನೇಮಿಸಬೇಡಿ, ತಾವಾಗಿ ಮುಂದೆ ಬಂದವರು ಸಾಕು. ಹಸಿದವರ ಮೂಗಿನ ಮುಂದೆ ಒಗ್ಗರಣೆ ತಿರುಗಿಸುವುದು ಎಲ್ಲರಿಗೂ ಹಿತವಲ್ಲ. ಎರಡನೇ ಪಂಕ್ತಿಗೆ ಜೈನರು ಬಡಿಸಬೇಕಿತ್ತು. ಕಾಗದದ ಮೇಲೆ ಚೊಕ್ಕವಾಗಿತ್ತು.

ಆದರೆ ರಾತ್ರಿಭೋಜನ ತ್ಯಾಗವನ್ನು ಪೂರ್ತಿ ವ್ರತವಾಗಿ ತೆಗೆದುಕೊಂಡವರಿಗೆ ಕೃತ, ಕಾರಿತ, ಅನುಮೋದನ ಮೂರೂ ಅನ್ವಯ. ತಾವು ತಿನ್ನಬಾರದು, ತಿನ್ನಿಸಬಾರದು, ತಿನ್ನುವುದನ್ನು ಒಪ್ಪಲೂಬಾರದು. ಮುಳುಗಿದ ಮೇಲೆ ಬಡಿಸು ಅಂದರೆ ಎರಡನೆಯದು ಮುರಿಯುತ್ತದೆ. ಬಹುಪಾಲು ಗೃಹಸ್ಥರ ನಿಯಮ ಇಷ್ಟು ಬಿಗಿಯಲ್ಲ, ತಮ್ಮ ಊಟಕ್ಕಷ್ಟೇ ಸೀಮಿತ. ಆದರೂ ಹಾಲ್‌ಗೆ ಬಂದವರಲ್ಲಿ ಯಾರದು ಎಂಥ ನಿಯಮ ಎಂದು ಎಲ್ಲರೆದುರು ವಿಚಾರಿಸುವುದು ಅಸಭ್ಯ. ಹಾಗಾಗಿ ನೋಂದಣಿ ಫಾರ್ಮಿನಲ್ಲೇ ಕೆಲಸಗಳ ಪಟ್ಟಿ ಕೊಟ್ಟು ಆಯ್ಕೆ ಅವರಿಗೇ ಬಿಡಬೇಕು. ಸೂರ್ಯ ಇರುವಾಗಲೇ ಮುಗಿಯುವ ಕೆಲಸಗಳು: ಖರ್ಜೂರದ ಪೊಟ್ಟಣ ಕಟ್ಟುವುದು, ಲೋಟ ಜೋಡಿಸುವುದು. ಆಹಾರಕ್ಕೆ ಸಂಬಂಧವೇ ಇಲ್ಲದವು: ನಮಾಜಿನ ಚಾಪೆ ಹಾಸುವುದು, ಚಪ್ಪಲಿ ಸಾಲು, ಗಡಿಯಾರ ನೋಡುವುದು. ಆ ಕೊನೆಯದಕ್ಕೆ ಕಟ್ಟುನಿಟ್ಟಿನ ಜೈನರಿಗಿಂತ ಯೋಗ್ಯರು ಸಿಗುವುದಿಲ್ಲ, ಸೂರ್ಯಾಸ್ತ ನಿಮಿಷ ಸಮೇತ ನಾಲಿಗೆ ತುದಿಯಲ್ಲಿರುತ್ತದೆ. ಬಿಗಿ ನಿಯಮ ಇಲ್ಲದವರು ಬಡಿಸಲು ನಿಂತರು. 6:47ಕ್ಕೆ ಖರ್ಜೂರ ಮತ್ತು ನೀರು, 6:50ರಿಂದ ಮಗ್ರಿಬ್ (ಸೂರ್ಯಾಸ್ತದ) ನಮಾಜು. ಬಿಸಿ ಊಟ ಮಾತ್ರ 7:10ಕ್ಕೆ. ಈ ಇಪ್ಪತ್ತು ನಿಮಿಷವೇ ಮುಖ್ಯ, ಅಷ್ಟರಲ್ಲಿ 7:04ರವರೂ ಖರ್ಜೂರ ಮುಗಿಸಿ ಬಂದು ಕೂರುತ್ತಾರೆ, ಯಾರೂ ಯಾರನ್ನೂ ಕಾಯಿಸಿದಂತಾಗುವುದಿಲ್ಲ.

ಮೆನು ನೂರು ಜನಕ್ಕೆ, ಪೂರ್ತಿ ಸಸ್ಯಾಹಾರ, ಹಾಲು ತುಪ್ಪವೂ ಇಲ್ಲ. ಕಾರಣ ಜೈನರೊಬ್ಬರೇ ಅಲ್ಲ. ಇಥಿಯೋಪಿಯದ ಆರ್ಥೊಡಾಕ್ಸ್ ವಿದ್ಯಾರ್ಥಿಗಳ ದೀರ್ಘ ಉಪವಾಸ ಇದೇ ತಿಂಗಳು, ಅದರಲ್ಲಿ ಮಾಂಸ, ಮೊಟ್ಟೆ, ಹಾಲು ನಿಷಿದ್ಧ. ತುಪ್ಪ ಬಿಟ್ಟು ಎಣ್ಣೆ ಹಾಕಿದರೆ ಎರಡು ಫಾರ್ಮು ಒಂದೇ ಪಾತ್ರೆಯಲ್ಲಿ ಮುಗಿಯಿತು. ಮೊದಲ ಪಂಕ್ತಿ ಮೂವತ್ತು ಜನಕ್ಕೆ ಮೂರು ಕಿಲೋ ಅಕ್ಕಿಯ ನಿಂಬೆಹಣ್ಣಿನ ಚಿತ್ರಾನ್ನ, ತೊಗರಿಬೇಳೆ ಸಾರು, ಎಲೆಕೋಸಿನ ಪಲ್ಯ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಕ್ಯಾರೆಟ್, ಹಸಿಶುಂಠಿ ಇಲ್ಲ. ಒಣ ಅರಿಸಿನ ಪುಡಿ, ಒಣಶುಂಠಿ ನಡೆಯುತ್ತದೆ. ಬದನೆ, ಅಣಬೆ, ಜೇನು ಕೂಡ ಬೇಡ. ಮುಂದೆಂದಾದರೂ ಹಾಲಿನ ಪದಾರ್ಥ ಸೇರಿಸುವವರು ಹಸಿ ಮೊಸರಿಗೆ ಬೇಳೆ ಬೆರೆಸಬೇಡಿ, ದ್ವಿದಳದ ನಿಯಮ ಅಡ್ಡ ಬರುತ್ತದೆ. ಮೊಸರುವಡೆ ಹಾಗೇ ಔಟ್. ಎರಡನೇ ಪಂಕ್ತಿ ಎಪ್ಪತ್ತು ಜನಕ್ಕೆ ಕಡಲೆಕಾಳು ಬೇಳೆಯ ಹರೀರಾ (ಮೊರಾಕ್ಕೊದ ಸೂಪ್) ಹದಿನೆಂಟು ಲೀಟರ್, ಆರೂವರೆ ಕಿಲೋ ಅಕ್ಕಿಯ ಪುಲಾವ್, ತಲಾ ಮೂರು ಖರ್ಜೂರ. ಮೆಡ್ಜೂಲ್ ಆಸೆಗೆ ಬೀಳಬೇಡಿ. ಒಂದೊಂದೂ ಇಪ್ಪತ್ತು ಗ್ರಾಂ ದಾಟುತ್ತದೆ, ಜೇಬೂ ಹರಿಯುತ್ತದೆ. ಡೆಗ್ಲೆಟ್ ನೂರ್ ಎರಡು ಕಿಲೋ ತಂದರೆ ಮಿಕ್ಕುತ್ತದೆ. ಜನವರಿಯಲ್ಲೇ ಕೊಳ್ಳಿ, ರಂಜಾನ್ ಹತ್ತಿರ ಬಂದರೆ ಅಂಗಡಿಯವರ ಭಕ್ತಿ ಬೆಲೆಯಲ್ಲಿ ಕಾಣುತ್ತದೆ.

ಅಂಗಡಿಯವರ ಮಾತು ಬಂತು, ಕೇಟರಿಂಗ್‌ನವರನ್ನು ಹೇಗೆ ಬಿಡುವುದು. ‘ಜೈನ್ ಸ್ಪೆಷಲ್’ ಎಂಬ ಚೀಟಿ ಅಂಟಿಸಿದ ಮಾದರಿ ತಟ್ಟೆಯಲ್ಲಿ ಆಲೂ ಪಲ್ಯ. ಕೇಳಿದರೆ ‘ಈರುಳ್ಳಿ ಹಾಕಿಲ್ಲವಲ್ಲ’ ಎಂಬ ಉತ್ತರ. ಇನ್ನೊಬ್ಬ ಸರಬರಾಜುದಾರ ‘ಕೋಶರ್ ಶೈಲಿ’ ಎಂದು ಬರೆದು ಕಳಿಸುತ್ತಾನೆ. ಕೋಶರ್ ಅಂದರೆ ಯಹೂದಿಗಳ ಆಹಾರ ನಿಯಮ, ಶೈಲಿಗೂ ಅದಕ್ಕೂ ಸಂಬಂಧವಿಲ್ಲ. ಪ್ರಮಾಣಪತ್ರದ ಮುದ್ರೆ ಇರುವ, ಎರಡು ಪದರ ಮುಚ್ಚಿ ಸೀಲ್ ಮಾಡಿದ ಊಟವನ್ನೇ ವಾರ ಮೊದಲು ತರಿಸಿ, ಪದರ ಬಿಚ್ಚದೆ ಬಿಸಿ ಮಾಡಿ, ಸೀಲನ್ನು ಉಣ್ಣುವವರೇ ಒಡೆಯಲಿ, ಚಮಚ ಬಿಸಾಡುವಂಥದ್ದಿರಲಿ. ಹಿಂಗಿನ ಡಬ್ಬಿಯನ್ನೂ ಓದಿ. ಪುಡಿ ಹಿಂಗಿನಲ್ಲಿ ಬಹಳಷ್ಟು ಗೋಧಿ ಹಿಟ್ಟಿನದು, ಗ್ಲೂಟೆನ್ ಆಗದವರು ಸಾರು ಕುಡಿದು ನರಳುತ್ತಾರೆ. ಪ್ರತಿ ಪಾತ್ರೆಯ ಮುಂದೆ ಪದಾರ್ಥಗಳ ಪೂರ್ತಿ ಪಟ್ಟಿ ಇಡಿ. ‘ಶುದ್ಧ ಸಸ್ಯಾಹಾರ’ ಎಂಬ ಫಲಕ ಯಾರಿಗೂ ಏನನ್ನೂ ತಿಳಿಸುವುದಿಲ್ಲ.

ಎರಡು ಪಂಕ್ತಿ ಎಂದಮೇಲೆ ಬಿಸಿ ಕಾಯುವ ಕಷ್ಟವೂ ಎರಡು. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯ (ಎಫ್‌ಡಿಎ) ಫುಡ್ ಕೋಡ್ ಪ್ರಕಾರ ಬಿಸಿ ಆಹಾರ 135 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 57 ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಬಾರದು. ಜೆಲ್ ಇಂಧನದ ಬರ್ನರ್‌ಗೆ ಹೆಚ್ಚಿನ ಕ್ಯಾಂಪಸ್‌ಗಳಲ್ಲಿ ಅನುಮತಿ ಕಷ್ಟ, ಏಕೆಂದರೆ ಅದು ತೆರೆದ ಬೆಂಕಿ. ಶಾಖ ಹಿಡಿದಿಡುವ ಮುಚ್ಚಿದ ಪೆಟ್ಟಿಗೆ ಬಾಡಿಗೆಗೆ ತನ್ನಿ, ಒಳಗೆ ಮೊದಲು ಕುದಿನೀರಿನ ಪಾತ್ರೆ ಇಟ್ಟು ಅರ್ಧ ಗಂಟೆ ಕಾಯಿಸಿ, ಆಮೇಲೆ ಹರೀರಾ ಇಡಿ. ಪುಲಾವ್ ಕೆಳಗಿನ ತಟ್ಟೆಗೆ ಹಾಕಬೇಡಿ, ಅಲ್ಲೇ ಮೊದಲು ಆರುವುದು. ಥರ್ಮಾಮೀಟರ್ ಮೊನೆಯನ್ನು ಪಾತ್ರೆಯ ನಟ್ಟನಡುವೆ ಚುಚ್ಚಿ ನೋಡಿ, ಅಂಚು ಸುಳ್ಳು ಹೇಳುತ್ತದೆ.

ಚಾಪೆ ಹಾಸುವವರಿಗೆ ಒಂದು ಮಾತು. ಬಾಸ್ಟನ್‌ನಿಂದ ಕಿಬ್ಲಾ (ನಮಾಜಿಗೆ ಮುಖ ಮಾಡುವ ಮೆಕ್ಕಾದ ದಿಕ್ಕು) ನಿಜ ಉತ್ತರದಿಂದ ಸುಮಾರು 60 ಡಿಗ್ರಿ, ಈಶಾನ್ಯಕ್ಕಿಂತ ತುಸು ಪೂರ್ವಕ್ಕೆ. ಮೊದಲ ಸಲ ನೋಡಿದವರು ನಕ್ಷೆ ತೆಗೆದು ಆಗ್ನೇಯ ಅಂತ ವಾದಿಸುತ್ತಾರೆ. ಆದರೆ ಗೋಳದ ಮೇಲಿನ ಹತ್ತಿರದ ದಾರಿ ಈಶಾನ್ಯದ ಕಡೆಯದೇ. ಸೂಜಿ ದಿಕ್ಸೂಚಿ ಹಿಡಿದರೆ ಇಲ್ಲಿ ಕಾಂತೀಯ ಉತ್ತರ ಸುಮಾರು 14 ಡಿಗ್ರಿ ಪಶ್ಚಿಮಕ್ಕೆ ಇರುವುದರಿಂದ 74 ಎಂದು ಓದಬೇಕು. ಫೋನ್‌ನಲ್ಲಿ ‘ನಿಜ ಉತ್ತರ’ ಆರಿಸಿಕೊಂಡಿದ್ದರೆ 60. ಉಕ್ಕಿನ ಕಂಬದ ಪಕ್ಕ ಎರಡೂ ಹುಚ್ಚು ಹಿಡಿಸುತ್ತವೆ, ಹಾಲ್‌ನ ಹೊರಗೆ ಅಳೆದು ಗೋಡೆಗೆ ಕೋನ ಕಟ್ಟಿಕೊಂಡು ಒಳಗೆ ಬನ್ನಿ. ಒಬ್ಬರಿಗೆ 60 ಸೆಂಟಿಮೀಟರ್ ಅಗಲ, 120 ಉದ್ದ ಸಾಕು. ಕಾರ್ಪೆಟ್ ಮೇಲೆ ಬಟ್ಟೆಯ ಗ್ಯಾಫರ್ ಟೇಪ್ ಬಳಸಿ, ಅಗ್ಗದ ಟೇಪ್ ಅಂಟು ಬಿಟ್ಟುಹೋಗಿ ಠೇವಣಿ ನುಂಗುತ್ತದೆ. ವುಝೂ (ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವುದು) ಮಾಡಲು ಶೌಚಾಲಯದ ಸಿಂಕ್ ಒಂದೇ ಆದರೆ ನೆಲಕ್ಕೆ ನೀರು ಹೀರುವ ಚಾಪೆ ಹಾಕಿ, ಪಕ್ಕದಲ್ಲಿ ಒರೆಸುವ ಕೋಲು ಇಡಿ. ಕಾವಲುಗಾರರ ಮುಖ ನೋಡುವ ಗಂಡಾಂತರ ತಪ್ಪುತ್ತದೆ.

ಸೂರ್ಯ ಬಗ್ಗಿದ, ಇನ್ನು ಬೆಂಕಿ. ಮುಂದಿನ ಯೋಜನೆ ನವೆಂಬರ್ ಡಿಸೆಂಬರ್‌ನ ದೀಪಗಳದು: ನವೆಂಬರ್ 8ಕ್ಕೆ ದೀಪಾವಳಿ, 24ಕ್ಕೆ ಗುರುನಾನಕ್ ಜಯಂತಿ, 29ರಿಂದ ಕ್ರೈಸ್ತರ ಆಗಮನ ಕಾಲದ ಮೇಣದ ಬತ್ತಿ, ಡಿಸೆಂಬರ್ 4ರ ಸಂಜೆಯಿಂದ ಯಹೂದಿಗಳ ದೀಪದ ಹಬ್ಬ ಹನುಕ್ಕಾ. ಎಲ್‌ಇಡಿ ಹಚ್ಚಿ ಮುಗಿಸಿ ಎನ್ನುವ ಅಧಿಕಾರಿಗಳಿಗೆ ಹನುಕ್ಕಾದಲ್ಲಿ ನಿಜವಾದ ಜ್ವಾಲೆಯೇ ಆಗಬೇಕೆಂದು ಬಹಳ ಮಂದಿ ಪಾಲಿಸುತ್ತಾರೆ, ಅದೂ ಕತ್ತಲಾದ ಮೇಲೆ ಕನಿಷ್ಠ ಅರ್ಧ ಗಂಟೆ ಉರಿಯಬೇಕು ಎಂಬುದನ್ನು ಬರವಣಿಗೆಯಲ್ಲೇ ಕೊಡಬೇಕಾಗುತ್ತದೆ. ಎಂಟು ರಾತ್ರಿಗೆ 44 ಬತ್ತಿ, ಒಂದು ಪೆಟ್ಟಿಗೆ ಸರಿಹೋಗುತ್ತದೆ. ದೀಪಕ್ಕಿಂತ ಕಿತಾಪತಿ ಊದುಬತ್ತಿಯದು. ಚಾವಣಿಯಲ್ಲಿ ಬೆಳಕಿನ ಕಿರಣದಿಂದ ಹೊಗೆ ಗುರುತಿಸುವ ಬಗೆಯ ಡಿಟೆಕ್ಟರ್ ಇದ್ದರೆ ಕುಮುಲುವ ಹೊಗೆಯ ದಪ್ಪ ಕಣಕ್ಕೆ ಬೇಗ ಕೂಗಿಬಿಡುತ್ತದೆ. ಹಾಗಾಗಿ ಊದುಬತ್ತಿ ಪಟ್ಟಿಯಿಂದ ಹೊರಗೆ, ಹಣತೆ ಒಳಗೆ. ತೆರೆದ ಬೆಂಕಿಯ ಪರವಾನಗಿ ಅರ್ಜಿ ಸೆಪ್ಟೆಂಬರ್ ಮೊದಲ ವಾರವೇ ಹೋಗಬೇಕು. ಅಂಚಿರುವ ಲೋಹದ ತಟ್ಟೆ, ಎರಡು ಅಂಗುಲ ಒಣ ಮರಳು, ಹಣತೆಗಳ ನಡುವೆ ಒಂದು ಗೇಣು, ಪ್ರತಿ ಮೇಜಿಗೆ ಒಬ್ಬ ಕಾವಲು, ಕೈಗೆಟುಕುವಲ್ಲಿ ನಂದಕ. ಸದ್ಯಕ್ಕೆ ಬಾಕಿ ಇರುವುದು ಮಣ್ಣಿನ ಹಣತೆ ಒದಗಿಸುವವರ ಉತ್ತರ. ಕಳೆದ ಸಲ ಕಳಿಸಿದ ಹಣತೆಗಳು ಅರ್ಧ ಎಣ್ಣೆ ಹೀರಿ ಅರ್ಧ ಮೇಜಿಗೆ ಬಿಟ್ಟವು. ಈ ಸಲ ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಸಿ, ಹೊರಮೈ ಆರಿಸಿಯೇ ಎಣ್ಣೆ ಹಾಕುವುದು, ಅಡಿಗೆ ತಪ್ಪದೆ ಫಾಯಿಲ್.