ಜೀನ್ಸ್ ಹೊಲಿಗೆ: ಕತ್ತುನೋವಿಗೆ ಸ್ಪ್ಯಾನರ್ ಮದ್ದು

ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಕತ್ತು ನೋಯುತ್ತದೆ ಎಂದರೆ ಮೊದಲು ಟೇಬಲ್ ನೋಡಿ. ಉದ್ದನೆಯವರಿಗೂ ಗಿಡ್ಡನೆಯವರಿಗೂ ಒಂದೇ ಎತ್ತರವಾದರೆ ಹೇಗೆ? ಕಾಲಿನ ಬೋಲ್ಟ್ ಸಡಿಲಿಸಿ, ಕೂತಾಗ ಟೇಬಲ್ ಮೊಣಕೈಗಿಂತ ಸುಮಾರು 5 ಸೆಂ.ಮೀ. ಮೇಲೆ ಬರುವಂತೆ ಏರಿಸಿ. ಹಿಂಬದಿಯನ್ನು ತುಸು ಎತ್ತಿ 10 ಡಿಗ್ರಿ ತಮ್ಮತ್ತ ವಾಲಿಸಿದರೆ ಸೂಜಿ ನೋಡಲು ತಲೆ ಅಷ್ಟು ಬಗ್ಗಿಸಬೇಕಿಲ್ಲ. ಮೆಷಿನ್‌ನ ಎಣ್ಣೆ ಚೆಲ್ಲದಂತೆ ಇದನ್ನು ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ. ಎಲ್ಲರೂ ಮರೆಯುವುದು ಪೆಡಲ್: ಟೇಬಲ್ ಏರಿದಷ್ಟೇ ಪೆಡಲ್ ರಾಡನ್ನೂ ಉದ್ದ ಮಾಡದಿದ್ದರೆ ಪಾದ ಸೆಟೆದು ಸೊಂಟ ಹಿಡಿಯುತ್ತದೆ.

ಬೆನ್ನಿಗೆ ಆಸರೆಯಿಲ್ಲದ ಸ್ಟೂಲ್ ಬೇಡ. ಹೊಲಿಯಬೇಕಾದ ಬಟ್ಟೆಯ ಬಂಡಲ್‌ಗಳನ್ನು ನೆಲದ ಮೇಲಲ್ಲ, ಎಡಗಡೆ ತೊಡೆಯ ಮಟ್ಟದಲ್ಲಿಡಿ.

ದಪ್ಪ ಮಡಿಕೆಗೆ 100 ಅಥವಾ 110 ನಂಬರಿನ ಸೂಜಿ ಬೇಕು. ಮೊಂಡಾದರೆ ಬಟ್ಟೆ ಎಳೆಯಬೇಕಾಗುತ್ತದೆ. ಆ ಎಳೆತವೇ ಮಣಿಕಟ್ಟಿನ ವೈರಿ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆನ್ನುತ್ತಿದ್ದರೆ ನರ ಒತ್ತಿಕೊಂಡಿರಬಹುದು. ಮುಲಾಮು ಹಚ್ಚುತ್ತ ಕೂರದೆ ವೈದ್ಯರಿಗೆ ತೋರಿಸಿ. ಗಂಟೆಗೊಮ್ಮೆ ಎದ್ದು 5 ನಿಮಿಷ ಓಡಾಡಿ.

ಮೇ ತಿಂಗಳ ತಗಡಿನ ಶೆಡ್‌ನಲ್ಲಂತೂ 20 ನಿಮಿಷಕ್ಕೊಂದು ಲೋಟ ನೀರು ಬೇಕೇ ಬೇಕು. ಶೌಚಾಲಯ ಸರಿಯಿಲ್ಲದಿದ್ದರೆ ಹೆಣ್ಣುಮಕ್ಕಳು ನೀರೇ ಕುಡಿಯುವುದಿಲ್ಲ, ಮಾಲೀಕರೇ.